ರಾತ್ರಿಯ ಅಳು, ಮೊದಲ ತುತ್ತು

(ಮಕ್ಕಳ ವಿಭಾಗದಲ್ಲಿ ಲಸಿಕೆಯ ದಿನ ತಾಯಂದಿರು ಮತ್ತು ಮನೆಯ ಹಿರಿಯರಿಗಾಗಿ ವಿಭಾಗದ ಹಿರಿಯ ವೈದ್ಯರು ಆಡಿದ ಮಾತುಗಳ ಬರಹರೂಪ)

ತಾಯಂದಿರೇ, ಅಜ್ಜಿಯಂದಿರೇ, ಹಿಂದಿನ ಬೆಂಚಿನಲ್ಲಿ ಕುಳಿತಿರುವ ತಂದೆಯಂದಿರೇ,

ಇಂದು ಇಲ್ಲಿ ಸೇರಿರುವವರಲ್ಲಿ ಬಹಳ ಜನರ ಮಕ್ಕಳಿಗೆ ಹದಿನಾಲ್ಕು ವಾರದ ಸೂಜಿ. ಇದಾದ ಮೇಲೆ ಸರ್ಕಾರಿ ಲಸಿಕಾ ಪಟ್ಟಿಯಲ್ಲಿ ಮುಂದಿನ ಸೂಜಿ ಇರುವುದು ಒಂಬತ್ತು ತಿಂಗಳು ತುಂಬಿದ ಮೇಲೆ. ನಡುವೆ ಐದೂವರೆ ತಿಂಗಳು ಆರೋಗ್ಯವಾಗಿರುವ ಮಗುವನ್ನು ಯಾರೂ ಆಸ್ಪತ್ರೆಗೆ ಕರೆತರುವುದಿಲ್ಲ. ಆದರೆ ತಾಯಿಯ ತಲೆ ತಿನ್ನುವ ಎರಡು ಪ್ರಶ್ನೆಗಳು ಹುಟ್ಟುವುದು ಇದೇ ಅವಧಿಯಲ್ಲಿ. ಒಂದು, ಮಗು ರಾತ್ರಿ ಯಾಕೆ ಮಲಗುತ್ತಿಲ್ಲ? ಎರಡು, ಮೇಲಿನ ಆಹಾರ ಯಾವಾಗ ಶುರು ಮಾಡಬೇಕು? ಮನೆಯಲ್ಲಿ ಈ ಎರಡು ಪ್ರಶ್ನೆಗಳು ಒಂದಕ್ಕೊಂದು ಗಂಟು ಬೀಳುತ್ತವೆ. ಆ ಗಂಟನ್ನು ಬಿಡಿಸಿಕೊಳ್ಳುವುದು ಹೇಗೆ ಎಂಬುದಷ್ಟೇ ಇವತ್ತಿನ ನನ್ನ ಮಾತು.

ಒಂದು ಮನೆಯಲ್ಲಿ ನಡೆದದ್ದು

ಕೆಲವು ತಿಂಗಳ ಹಿಂದೆ ನಾಲ್ಕೂವರೆ ತಿಂಗಳ ಹೆಣ್ಣುಮಗುವನ್ನು ರಾತ್ರಿ ಹನ್ನೊಂದು ಗಂಟೆಗೆ ನಮ್ಮಲ್ಲಿಗೆ ಕರೆತಂದರು. ಎರಡು ದಿನದಿಂದ ಭೇದಿ. ಕಣ್ಣು ಒಳಗೆ ಹೋಗಿದ್ದವು, ನೆತ್ತಿ ಕುಳಿ ಬಿದ್ದಿತ್ತು, ಅಳುವುದಕ್ಕೂ ಶಕ್ತಿ ಇರಲಿಲ್ಲ. ತಕ್ಷಣ ದಾಖಲು ಮಾಡಿಕೊಂಡು ಸಲಾಯಿನ್ ಹಾಕಿದೆವು.

ಮಗು ಸ್ವಲ್ಪ ಚೇತರಿಸಿಕೊಂಡ ಮೇಲೆ ವಿಚಾರಿಸಿದೆ. ಬಾಣಂತನ ಮುಗಿಸಿ ತಾಯಿ ಮಗು ತವರಿನಿಂದ ಗಂಡನ ಮನೆಗೆ ಬಂದು ಹದಿನೈದು ದಿನವಾಗಿತ್ತು. ತವರಿನಲ್ಲಿ ಚೆನ್ನಾಗಿ ಮಲಗುತ್ತಿದ್ದ ಮಗು ಇಲ್ಲಿಗೆ ಬಂದ ಮೇಲೆ ರಾತ್ರಿ ನಾಲ್ಕು ನಾಲ್ಕು ಸಲ ಏಳತೊಡಗಿತು. "ತಾಯಿ ಹಾಲು ಸಾಲವಲ್ದು ಅಂತ ತಿಳಿದ್ವಿರಿ" ಎಂದರು ಅಜ್ಜಿ. ಹೊಟ್ಟೆ ತುಂಬಿದರೆ ಮಲಗೀತು ಎಂದು ಆಕಳ ಹಾಲಿನಲ್ಲಿ ಬಿಸ್ಕೀಟು ನೆನೆಸಿ ತಿನ್ನಿಸಿದರು. ರಾತ್ರಿ ಬಾಟಲಿಯಲ್ಲಿ ಹಾಲು ಕೊಟ್ಟರು. ನಾಲ್ಕನೇ ದಿನಕ್ಕೆ ಭೇದಿ ಹಿಡಿಯಿತು.

ತಾಯಿ ಒಂದು ಮಾತೂ ಆಡಲಿಲ್ಲ. ತಲೆ ತಗ್ಗಿಸಿ ಕುಳಿತಿದ್ದಳು. ತನ್ನ ಹಾಲು ಸಾಲಲಿಲ್ಲ ಎಂಬ ಮಾತನ್ನು ಅವಳೂ ನಂಬಿಬಿಟ್ಟಿದ್ದಳು. ತಾಯಿ ಕಾರ್ಡ್ ತೆಗೆಸಿ ನೋಡಿದೆ. ಹಿಂದಿನ ತಿಂಗಳವರೆಗೂ ಮಗುವಿನ ತೂಕದ ಗೆರೆ ಸರಿಯಾಗಿಯೇ ಏರಿತ್ತು. ಅಂದರೆ ಹಾಲು ಸಾಲುತ್ತಿತ್ತು. ಮಗು ಎದ್ದದ್ದು ಹಸಿವಿಗಲ್ಲ.

ಅಜ್ಜಿ ನನ್ನನ್ನು ಒಂದು ಪ್ರಶ್ನೆ ಕೇಳಿದರು. "ನನ್ನ ಮಕ್ಕಳಿಗೆಲ್ಲ ನಾಕು ತಿಂಗಳಿಗೇ ತಿನಿಸೀನಿರಿ. ಆಗ ಡಾಕ್ಟರೇ ಹೇಳಿದ್ರು. ಈಗ್ಯಾಕ ತಪ್ಪಾತು?"

ಆ ಅಜ್ಜಿ ಸುಳ್ಳು ಹೇಳಲಿಲ್ಲ. ನಾನು ಹೊಸದಾಗಿ ಈ ವೃತ್ತಿಗೆ ಬಂದಾಗ ನಾಲ್ಕರಿಂದ ಆರು ತಿಂಗಳೊಳಗೆ ಶುರು ಮಾಡಿ ಎಂದು ನಾನೇ ಎಷ್ಟೋ ಮನೆಗಳಿಗೆ ಹೇಳಿದ್ದೇನೆ. ಆಗಿನ ತಿಳಿವಳಿಕೆ ಅದು. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನೆಲ್ಲ ಪರಿಶೀಲಿಸಿದ ಮೇಲೆ 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲು ಮಾತ್ರ ಸಾಕು ಎಂದು ಹೇಳಿತು. ನಮ್ಮ ದೇಶದಲ್ಲಿ ಶಿಶು ಆಹಾರದ ಬಗ್ಗೆ 1992ರ ಕಾನೂನಿನಲ್ಲಿ 'ನಾಲ್ಕು ತಿಂಗಳ ನಂತರ' ಎಂದಿದ್ದುದನ್ನು 2003ರಲ್ಲಿ ತಿದ್ದುಪಡಿ ಮಾಡಿ 'ಆರು ತಿಂಗಳ ನಂತರ' ಎಂದು ಬದಲಿಸಲಾಯಿತು. ಆದ್ದರಿಂದ ಮನೆಯಲ್ಲಿ ಅತ್ತೆ ಒಂದು ಹೇಳಿ, ಡಾಕ್ಟರು ಇನ್ನೊಂದು ಹೇಳಿದರೆ, ಅತ್ತೆಗೆ ತಿಳಿಯದು ಎಂದು ಸೊಸೆ ಭಾವಿಸಬಾರದು. ಅವರವರ ಕಾಲದ ವೈದ್ಯರು ಹೇಳಿದ್ದನ್ನೇ ಅವರು ಹೇಳುತ್ತಿದ್ದಾರೆ. ನಾವು ತಿದ್ದಿಕೊಂಡೆವು, ತಾವೂ ತಿದ್ದಿಕೊಳ್ಳಬೇಕೆಂದು ಹಿರಿಯರಲ್ಲಿ ನನ್ನ ವಿನಂತಿ.

ಎಳೆಮಗುವಿನ ನಿದ್ದೆ ಹೇಗಿರುತ್ತದೆ?

ಮೊದಲ ಮೂರು ತಿಂಗಳು ಮಗು ದಿನಕ್ಕೆ ಒಟ್ಟು 14ರಿಂದ 17 ಗಂಟೆ ಮಲಗುತ್ತದೆ. ನಾಲ್ಕು ತಿಂಗಳಿಂದ ವರ್ಷ ತುಂಬುವವರೆಗೆ 12ರಿಂದ 16 ಗಂಟೆ. ಇದರಲ್ಲಿ ಹಗಲಿನ ನಿದ್ದೆಯೂ ಸೇರಿದೆ. ಇಷ್ಟು ಮಲಗಿದರೂ ತಾಯಿಗೆ ನಿದ್ದೆ ಇಲ್ಲ, ಯಾಕೆ? ಮಗುವಿನ ನಿದ್ದೆ ತುಂಡು ತುಂಡಾಗಿರುತ್ತದೆ. ದೊಡ್ಡವರ ನಿದ್ದೆಯಲ್ಲಿ ಗಾಢ ನಿದ್ದೆ, ತೆಳು ನಿದ್ದೆ ಸೇರಿ ಒಂದು ಸುತ್ತು ಮುಗಿಯಲು ಸುಮಾರು ಒಂದೂವರೆ ಗಂಟೆ ಬೇಕು. ಮಗುವಿನದು ಗಂಟೆಯೊಳಗೇ ಮುಗಿಯುತ್ತದೆ. ಪ್ರತಿ ಸುತ್ತಿನ ಕೊನೆಗೆ ಮಗು ಮಿಸುಕಾಡುತ್ತದೆ, ಮುಲುಗುತ್ತದೆ, ಕಣ್ಣು ಬಿಡುತ್ತದೆ. ಇದು ರೋಗವಲ್ಲ.

ಹುಟ್ಟಿದ ಮಗುವಿಗೆ ಹಗಲು ಯಾವುದು, ರಾತ್ರಿ ಯಾವುದು ಎಂಬುದು ಗೊತ್ತಿರುವುದಿಲ್ಲ. ಅದು ಗೊತ್ತಾಗತೊಡಗುವುದು ಎರಡು ಮೂರು ತಿಂಗಳ ಹೊತ್ತಿಗೆ. ಅಳು ಕೂಡ ಹಾಗೆಯೇ. ಸುಮಾರು ಆರು ವಾರದ ಹೊತ್ತಿಗೆ ಅತಿ ಹೆಚ್ಚು, ಮೂರು ನಾಲ್ಕು ತಿಂಗಳಿಗೆ ತಾನಾಗಿ ಕಡಿಮೆ.

ಹಾಗಾದರೆ ಸರಿಯಾಗಿ ಮಲಗುತ್ತಿದ್ದ ಮಗು ನಾಲ್ಕೈದು ತಿಂಗಳಿಗೆ ಮತ್ತೆ ಏಕೆ ಏಳುತ್ತದೆ? ಕಾರಣಗಳು ಹಲವು. ಆ ವಯಸ್ಸಿಗೆ ನಿದ್ದೆಯ ರೀತಿಯೇ ಬದಲಾಗುತ್ತದೆ, ಸುತ್ತಿನ ಕೊನೆಯಲ್ಲಿ ಮಗು ಪೂರ್ತಿ ಎಚ್ಚರವಾಗುವುದು ಹೆಚ್ಚುತ್ತದೆ. ಮಗುಚಿಕೊಳ್ಳಲು ಕಲಿಯುವ ಕಾಲವೂ ಅದೇ, ನಿದ್ದೆಯಲ್ಲೂ ಮಗುಚಿಕೊಂಡು ಎದ್ದುಬಿಡುತ್ತದೆ. ನಮ್ಮ ಕಡೆ ಬಹಳ ಮಕ್ಕಳು ತವರು ಬಿಟ್ಟು ಬರುವುದೂ ಅದೇ ತಿಂಗಳಲ್ಲಿ. ಹೊಸ ಮನೆ, ಹೊಸ ಮುಖ, ಹೊಸ ತೊಟ್ಟಿಲು. ಇನ್ನೊಂದು ಕಾರಣ ಬಹಳ ಜನರ ಗಮನಕ್ಕೆ ಬಾರದು. ನಾಲ್ಕು ತಿಂಗಳ ಮಗುವಿಗೆ ಲೋಕ ಕಾಣತೊಡಗಿದೆ. ಹಗಲಿನಲ್ಲಿ ಹಾಲು ಕುಡಿಯುವಾಗ ಯಾರೋ ಮಾತನಾಡಿದರೆ, ಟಿ.ವಿ. ಸದ್ದಾದರೆ ಬಾಯಿ ಬಿಟ್ಟು ಅತ್ತ ತಿರುಗುತ್ತದೆ. ಹಗಲು ಅರೆಬರೆ ಕುಡಿದದ್ದನ್ನು ರಾತ್ರಿ ಕುಡಿದು ಸರಿಮಾಡಿಕೊಳ್ಳುತ್ತದೆ. ಇದಕ್ಕೆ ಪರಿಹಾರ ಬಿಸ್ಕೀಟಲ್ಲ. ಹಗಲಿನಲ್ಲಿ ಗದ್ದಲವಿಲ್ಲದ ಕೋಣೆಯಲ್ಲಿ ಕುಳಿತು ಹಾಲು ಕುಡಿಸುವುದು.

ಹಾಲು ಸಾಲುತ್ತಿದೆಯೇ?

ಇದಕ್ಕೆ ಉತ್ತರ ರಾತ್ರಿಯ ಅಳುವಿನಲ್ಲಿ ಸಿಗುವುದಿಲ್ಲ. ಮೂರು ಗುರುತು ನೋಡಿ. ಬರೀ ಎದೆಹಾಲು ಕುಡಿಯುವ ಮಗು ದಿನಕ್ಕೆ ಆರು ಅಥವಾ ಹೆಚ್ಚು ಸಲ ಮೂತ್ರ ಮಾಡುತ್ತಿದೆಯೇ? ಎಚ್ಚರವಿದ್ದಾಗ ಚುರುಕಾಗಿ ಕೈಕಾಲು ಆಡಿಸುತ್ತ ನಗುತ್ತದೆಯೇ? ತಾಯಿ ಕಾರ್ಡಿನಲ್ಲಿ ತೂಕದ ಗೆರೆ ಮೇಲೇರುತ್ತಿದೆಯೇ? ನಾಲ್ಕರಿಂದ ಆರು ತಿಂಗಳ ನಡುವೆ ಮಗುವಿನ ತೂಕ ತಿಂಗಳಿಗೆ ಸುಮಾರು ಅರ್ಧ ಕಿಲೋ ಹೆಚ್ಚುತ್ತದೆ. ಐದಾರು ತಿಂಗಳ ಹೊತ್ತಿಗೆ ಹುಟ್ಟಿದ ತೂಕದ ಎರಡರಷ್ಟಾಗುತ್ತದೆ. ಇವು ಸರಿ ಇದ್ದರೆ ಹಾಲು ಸಾಲುತ್ತಿದೆ. ಅಂಗನವಾಡಿಯಲ್ಲಿ ತೂಕ ಹಾಕಿಸಲು ಹಣ ಬೇಕಿಲ್ಲ. ಸೂಜಿ ಇಲ್ಲದ ತಿಂಗಳಲ್ಲೂ ಹೋಗಿ ತೂಕ ಹಾಕಿಸಿ.

ಕೆಲವು ಸಲ ಎರಡು ಮೂರು ದಿನ ಮಗು ಹೆಚ್ಚು ಹೆಚ್ಚು ಹಾಲು ಕೇಳುತ್ತದೆ. ಕೊಡಿ. ಮಗು ಎಷ್ಟು ಚೀಪುತ್ತದೋ ಅಷ್ಟು ಹಾಲು ಹೆಚ್ಚು ತಯಾರಾಗುತ್ತದೆ. ಹಾಲು ಬರಿಸುವ ರಸದೂತದ ಪ್ರಮಾಣ ರಾತ್ರಿಯಲ್ಲಿ ಹೆಚ್ಚಾಗಿರುತ್ತದೆ, ಆದ್ದರಿಂದ ರಾತ್ರಿ ಕುಡಿಸುವುದು ವ್ಯರ್ಥವಲ್ಲ. ಆ ದಿನಗಳಲ್ಲಿ ಬಾಟಲಿ ಹಾಲು ಕೊಟ್ಟರೆ ಮಗು ಎದೆ ಚೀಪುವುದು ಕಡಿಮೆಯಾಗುತ್ತದೆ, ಹಾಲು ಇಳಿಯುತ್ತದೆ. ಸಾಲದು ಎಂಬ ಅನುಮಾನ ನಿಜವಾಗುವುದು ಹೀಗೆ.

ಬೇಗ ತಿನ್ನಿಸಿದರೆ ಮಲಗುತ್ತದೆಯೇ?

ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಅಮೆರಿಕದಲ್ಲಿ ಎಳೆಮಕ್ಕಳಿಗೆ ಮಲಗುವ ಮುನ್ನ ಅಕ್ಕಿಹಿಟ್ಟಿನ ಆಹಾರ ಕೊಟ್ಟು ಮಾಡಿದ ಒಂದು ಅಧ್ಯಯನ 1989ರಲ್ಲಿ ಪ್ರಕಟವಾಯಿತು. ಕೊಟ್ಟವರಿಗೂ ಕೊಡದವರಿಗೂ ನಿದ್ದೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಇಂಗ್ಲೆಂಡಿನಲ್ಲಿ ಮೂರು ತಿಂಗಳಿಂದಲೇ ಮೇಲಿನ ಆಹಾರ ಶುರು ಮಾಡಿ ನೋಡಿದ ಅಧ್ಯಯನವೊಂದು 2018ರಲ್ಲಿ ಬಂತು. ಅದರಲ್ಲಿ ಬೇಗ ಶುರು ಮಾಡಿದ ಮಕ್ಕಳು ಸ್ವಲ್ಪ ಹೆಚ್ಚು ಮಲಗಿದರು. ಎಷ್ಟು ಹೆಚ್ಚು? ವ್ಯತ್ಯಾಸ ಅತಿ ಹೆಚ್ಚಾಗಿ ಕಂಡ ಆರನೇ ತಿಂಗಳಲ್ಲೂ ರಾತ್ರಿಗೆ ಸುಮಾರು ಹದಿನೇಳು ನಿಮಿಷ.

ಆ ಹದಿನೇಳು ನಿಮಿಷಕ್ಕಾಗಿ ನಮ್ಮ ಊರಿನ ನೀರು, ನೊಣ, ತೊಳೆದರೂ ಸ್ವಚ್ಛವಾಗದ ಬಾಟಲಿಯ ರಬ್ಬರು, ಇವನ್ನೆಲ್ಲ ನಾಲ್ಕು ತಿಂಗಳ ಮಗುವಿನ ಕರುಳಿಗೆ ಒಡ್ಡಬೇಕೇ ಎಂಬುದನ್ನು ತಾವೇ ಯೋಚಿಸಿ. ಆ ಹೆಣ್ಣುಮಗು ಮೂರು ದಿನ ನಮ್ಮಲ್ಲಿ ಇದ್ದು ಗುಣವಾಗಿ ಮನೆಗೆ ಹೋಯಿತು. ಬರುವುದು ಇನ್ನೂ ತಡವಾಗಿದ್ದರೆ ಏನಾಗುತ್ತಿತ್ತು ಎಂದು ಹೇಳುವುದು ಕಷ್ಟ.

ರಾತ್ರಿಗೆ ಏನು ಮಾಡಬೇಕು?

ಹಗಲನ್ನು ಹಗಲಿನಂತೆ, ರಾತ್ರಿಯನ್ನು ರಾತ್ರಿಯಂತೆ ಇಡಿ. ಬೆಳಗ್ಗೆ ಕಿಟಕಿ ತೆರೆಯಿರಿ, ಮಗುವಿನ ಜೊತೆ ಮಾತನಾಡಿ, ಆಡಿಸಿ. ಹಗಲು ಮಲಗಿದೆ ಎಂದು ಮನೆಯವರೆಲ್ಲ ಪಿಸುಗುಟ್ಟಬೇಕಿಲ್ಲ. ರಾತ್ರಿ ಸಣ್ಣ ದೀಪ ಸಾಕು. ಹಾಲು ಕುಡಿಸಿ, ಬಟ್ಟೆ ಬದಲಿಸಿ, ಮಾತಿಲ್ಲದೆ ಮಲಗಿಸಿ. ಮೊಬೈಲಿನ ಬೆಳಕು ಮಗುವಿನ ಮುಖದ ಮೇಲೆ ಬೀಳದಿರಲಿ.

ದಿನವೂ ಒಂದೇ ಕ್ರಮ ಇರಲಿ. ಮೈ ಒರೆಸುವುದು, ಹಾಲು, ತೇಗು, ಜೋಗುಳ, ತೊಟ್ಟಿಲು. ಕಣ್ಣು ಎಳೆಯುತ್ತಿರುವಾಗಲೇ, ಪೂರ್ತಿ ನಿದ್ದೆ ಹತ್ತುವ ಮುಂಚೆ ಮಲಗಿಸಿ ನೋಡಿ. ಯಾವಾಗಲೂ ಹೆಗಲ ಮೇಲೆಯೇ ಮಲಗಿದ ಮಗು ನಡುರಾತ್ರಿ ಎಚ್ಚರವಾದಾಗ ಅದೇ ಹೆಗಲನ್ನು ಕೇಳುತ್ತದೆ. ಮಗು ಮುಲುಗಿದ ಕೂಡಲೇ ಎತ್ತಬೇಡಿ. ಒಂದೆರಡು ನಿಮಿಷ ನೋಡಿ, ಎದೆಯ ಮೇಲೆ ಕೈಯಿಡಿ. ಎಷ್ಟೋ ಸಲ ತಾನೇ ಮತ್ತೆ ಮಲಗುತ್ತದೆ. ಅಳು ಬಲವಾದರೆ ಎತ್ತಿಕೊಳ್ಳಿ. ಎತ್ತಿಕೊಂಡರೆ ಮಗು ಕೆಡುವುದಿಲ್ಲ.

ಮಗುವನ್ನು ಯಾವಾಗಲೂ ಅಂಗಾತ ಮಲಗಿಸಿ. ಹಾಸಿಗೆ ಗಟ್ಟಿಯಾಗಿರಲಿ. ತಲೆ ದುಂಡಗಾಗಲೆಂದು ಇಡುವ ದಿಂಬು, ದಪ್ಪ ದುಪ್ಪಟಿ, ಗೊಂಬೆ ಯಾವುದೂ ಪಕ್ಕದಲ್ಲಿ ಬೇಡ. ಸೀರೆಯ ಜೋಲಿಯಲ್ಲಿ ಮಗು ಬಾಗಿ ಮಲಗಿ ಗದ್ದ ಎದೆಗೆ ಒತ್ತಬಹುದು, ಬಟ್ಟೆ ಮುಖ ಮುಚ್ಚಬಹುದು, ಮಗುಚಲು ಕಲಿತ ಮಗು ಬೀಳಬಹುದು. ಆದ್ದರಿಂದ ರಾತ್ರಿಯ ನಿದ್ದೆಗೆ ಜೋಲಿ ಬೇಡ. ಕುಡಿದವರು, ಬೀಡಿ ಸಿಗರೇಟು ಸೇದುವವರು ಮಗುವಿನ ಪಕ್ಕದಲ್ಲಿ ಮಲಗಬಾರದು.

ನಿದ್ದೆಗಾಗಿ ಯಾವ ಔಷಧಿಯೂ ಬೇಡ. ಶೀತದ ಸಿರಪ್ ಕುಡಿಸಿದರೆ ಮಗು ಚೆನ್ನಾಗಿ ಮಲಗುತ್ತದೆ ಎಂದು ಕೆಲವರು ನನ್ನೆದುರೇ ಹೇಳಿದ್ದಾರೆ. ಅದು ನಿದ್ದೆಯಲ್ಲ, ಮಂಪರು. ಉಸಿರೇ ನಿಧಾನವಾಗುವ ಅಪಾಯವಿದೆ. ಶೀತಕ್ಕೆ ಕೊಡುವ ಕ್ಲೋರ್‌ಫೆನಿರಮಿನ್ ಮತ್ತು ಫಿನೈಲ್‌ಎಫ್ರಿನ್ ಸೇರಿದ ಸಿರಪ್‌ಗಳನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಕೇಂದ್ರ ಔಷಧ ನಿಯಂತ್ರಕರು 2023ರಲ್ಲಿ ಆದೇಶಿಸಿದ್ದಾರೆ. ಜಾಯಿಕಾಯಿ ತೇಯ್ದು ನೆಕ್ಕಿಸುವುದೂ ಬೇಡ. ಅದು ಹೆಚ್ಚಾದರೆ ವಿಷ, ಎಷ್ಟು ಹೆಚ್ಚು ಎಂಬುದನ್ನು ಕಲ್ಲಿನ ಮೇಲೆ ಅಳೆಯಲಾಗದು. ಜೇನುತುಪ್ಪವನ್ನು ವರ್ಷ ತುಂಬುವವರೆಗೆ ನಾಲಿಗೆಗೂ ಮುಟ್ಟಿಸಬೇಡಿ. ಅದರಲ್ಲಿರಬಹುದಾದ ಒಂದು ಜಾತಿಯ ರೋಗಾಣು ಎಳೆಮಗುವಿನ ಕರುಳಿನಲ್ಲಿ ಬೆಳೆದು ನರಗಳನ್ನು ಸೋಲಿಸುತ್ತದೆ.

'ಆರು ತುಂಬಿದೆ', 'ಆರಕ್ಕೆ ಬಿದ್ದಿದೆ'

ಈಗ ಎರಡನೇ ಪ್ರಶ್ನೆಗೆ ಬರೋಣ. ಮೇಲಿನ ಆಹಾರ ಶುರು ಮಾಡಬೇಕಾದದ್ದು ಆರು ತಿಂಗಳು, ಅಂದರೆ 180 ದಿನ, ತುಂಬಿದ ಮೇಲೆ. ಇಲ್ಲಿ ಲೆಕ್ಕ ತಪ್ಪುವುದು ಬಹಳ. ನಮ್ಮ ಮನೆಗಳಲ್ಲಿ ನಡೆಯುತ್ತಿರುವ ತಿಂಗಳನ್ನು ಹೇಳುವ ರೂಢಿ. ಮಗುವಿಗೆ ಆರನೇ ತಿಂಗಳು ಎಂದರೆ ತುಂಬಿರುವುದು ಐದೇ. ಹೆಣ್ಣುಮಕ್ಕಳಿಗೆ ಐದು ಅಥವಾ ಏಳನೇ ತಿಂಗಳು, ಗಂಡುಮಕ್ಕಳಿಗೆ ಆರು ಅಥವಾ ಎಂಟನೇ ತಿಂಗಳು ಅನ್ನಪ್ರಾಶನ ಮಾಡುವ ವಾಡಿಕೆ ಹಲವು ಮನೆಗಳಲ್ಲಿದೆ. ಐದನೇ ತಿಂಗಳೆಂದರೆ ನಾಲ್ಕು ತುಂಬಿದೆ, ಬೇಡ. ಏಳನೇ ತಿಂಗಳಿಗೆ ಕಾಲಿಟ್ಟಿದೆ ಎಂದರೆ ಆರು ತುಂಬಿದೆ, ಸರಿಯಾದ ಕಾಲ. ಗಂಡುಮಗುವಿಗೆ ಎಂಟನೇ ತಿಂಗಳ ಮುಹೂರ್ತ ಇಟ್ಟುಕೊಂಡಿದ್ದರೆ ಶಾಸ್ತ್ರ ಅಂದೇ ಮಾಡಿ, ಆದರೆ ಊಟವನ್ನು ಅಲ್ಲಿಯವರೆಗೆ ತಡೆಯಬೇಡಿ.

ಗೊಂದಲವೇ ಬೇಡವೆಂದರೆ ಹೀಗೆ ಮಾಡಿ. ಮಗು ಮಾರ್ಚ್ 10ಕ್ಕೆ ಹುಟ್ಟಿದ್ದರೆ ಸೆಪ್ಟೆಂಬರ್ 10ಕ್ಕೆ ಆರು ತುಂಬುತ್ತದೆ. ಆ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಇವತ್ತೇ ಗುರುತು ಹಾಕಿಡಿ. ಆ ಹೊತ್ತಿಗೆ ಕತ್ತು ನಿಂತಿರುತ್ತದೆ, ಆಸರೆ ಕೊಟ್ಟರೆ ಕೂರುತ್ತದೆ, ನಿಮ್ಮ ತಟ್ಟೆಗೆ ಕೈ ಚಾಚುತ್ತದೆ, ಬಾಯಿಗಿಟ್ಟದ್ದನ್ನು ನಾಲಿಗೆಯಿಂದ ಹೊರಗೆ ನೂಕುವುದು ನಿಲ್ಲುತ್ತದೆ. ತಿಂಗಳು ತುಂಬುವ ಮುನ್ನ ಹುಟ್ಟಿದ ಮಗುವಿಗೆ ಈ ಲೆಕ್ಕ ಬೇರೆ, ನಮ್ಮನ್ನು ಕೇಳಿ ಶುರು ಮಾಡಿ.

ತಡವೂ ತಪ್ಪು

ಬೇಗ ಶುರು ಮಾಡುವುದು ಎಷ್ಟು ತಪ್ಪೋ ತಡ ಮಾಡುವುದೂ ಅಷ್ಟೇ ತಪ್ಪು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ನಮ್ಮ ದೇಶದಲ್ಲಿ ಆರು ತಿಂಗಳೊಳಗಿನ ಮಕ್ಕಳಲ್ಲಿ ಬರೀ ಎದೆಹಾಲು ಕುಡಿಯುತ್ತಿದ್ದವರು ನೂರಕ್ಕೆ 64. ಅದೇ ಆರರಿಂದ ಎಂಟು ತಿಂಗಳ ಮಕ್ಕಳಲ್ಲಿ ಎದೆಹಾಲಿನ ಜೊತೆ ಮೇಲಿನ ಆಹಾರ ಸಿಗುತ್ತಿದ್ದವರು ನೂರಕ್ಕೆ 46 ಮಾತ್ರ. ಕೊಡಬಾರದಾಗ ಕೊಡುತ್ತೇವೆ, ಕೊಡಬೇಕಾದಾಗ ಕೊಡುವುದಿಲ್ಲ.

ಮಗು ಹುಟ್ಟುವಾಗ ತಾಯಿಯಿಂದ ತಂದ ಕಬ್ಬಿಣದ ಅಂಶ ಸುಮಾರು ಆರು ತಿಂಗಳಿಗೆ ಖಾಲಿಯಾಗುತ್ತದೆ. ಎದೆಹಾಲಿನಲ್ಲಿ ಕಬ್ಬಿಣ ಬಹಳ ಕಡಿಮೆ. ಒಂಬತ್ತು ತಿಂಗಳ ಸೂಜಿಗೆ ಬರುವ ಕೆಲವು ಮಕ್ಕಳು ಬಿಳಿಚಿಕೊಂಡಿರುತ್ತಾರೆ. ಕೇಳಿದರೆ "ಇನ್ನೂ ಬರೀ ಹಾಲೇರಿ, ತಿನ್ನವಲ್ದು" ಎನ್ನುತ್ತಾರೆ. ಅದೇ ಸಮೀಕ್ಷೆಯಲ್ಲಿ ಕರ್ನಾಟಕದ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ ಇತ್ತು. ರಕ್ತ ಕಡಿಮೆಯಾದ ಮಗು ಕಿರಿಕಿರಿ ಮಾಡುತ್ತದೆ, ಹಸಿವೆ ಕುಂದುತ್ತದೆ, ಕಲಿಕೆಯಲ್ಲೂ ಹಿಂದೆ ಬೀಳಬಹುದು. ಆರು ತಿಂಗಳು ತುಂಬಿದ ಮಗುವಿಗೆ ವಾರಕ್ಕೆ ಎರಡು ಸಲ ಒಂದೊಂದು ಮಿಲಿ ಲೀಟರಿನಂತೆ ಕೊಡುವ ಕಬ್ಬಿಣದ ಸಿರಪ್ಪನ್ನು ಆಶಾ ಕಾರ್ಯಕರ್ತೆಯರಿಂದ ಕೇಳಿ ಪಡೆಯಿರಿ.

ಮೊದಲ ತುತ್ತು ಹೇಗಿರಬೇಕು?

ಮೊದಲು ಒಂದು ಮಾತು ಸ್ಪಷ್ಟವಾಗಿರಲಿ. ಇದು ಹಾಲು ಬಿಡಿಸುವುದಲ್ಲ. ಹಾಲಿನ ಜೊತೆಗೆ ಊಟ ಸೇರಿಸುವುದು. ಎದೆಹಾಲು ಎರಡು ವರ್ಷ ಮತ್ತು ಅದರಾಚೆಗೂ ಮುಂದುವರಿಯಬಹುದು.

ದಿನಕ್ಕೆ ಎರಡು ಸಲ, ಎರಡು ಮೂರು ಚಮಚದಿಂದ ಶುರು ಮಾಡಿ. ಅಕ್ಕಿ ಹೆಸರುಬೇಳೆಯ ಹುಗ್ಗಿಯನ್ನು ಮೆತ್ತಗೆ ಬೇಯಿಸಿ, ಮಿದ್ದು, ಅರ್ಧ ಚಮಚ ತುಪ್ಪ ಹಾಕಿ. ರಾಗಿ ಸರಿ, ಮಿದ್ದ ಬಾಳೆಹಣ್ಣು, ಬೇಯಿಸಿದ ಕುಂಬಳಕಾಯಿ, ಗಜ್ಜರಿ, ಬೇಳೆಯಲ್ಲಿ ನೆನೆಸಿ ನುಣ್ಣಗೆ ಮಿದ್ದ ಜೋಳದ ರೊಟ್ಟಿ, ಎಲ್ಲವೂ ಆಗುತ್ತದೆ. ಒಂದೊಂದಾಗಿ ಹೊಸದನ್ನು ಸೇರಿಸುತ್ತ ಹೋಗಿ. ನುಗ್ಗೆಸೊಪ್ಪು, ಮೆಂತ್ಯ ಸೊಪ್ಪನ್ನು ಬೇಳೆಯಲ್ಲೇ ಬೇಯಿಸಿ. ಮೇಲೆ ಎರಡು ಹನಿ ನಿಂಬೆರಸ ಹಿಂಡಿದರೆ ಬೇಳೆ, ಸೊಪ್ಪಿನ ಕಬ್ಬಿಣ ಮೈಗೆ ಹತ್ತುತ್ತದೆ. ಹುರಿದ ಶೇಂಗಾ ನುಣ್ಣಗೆ ಪುಡಿ ಮಾಡಿ ಬೆರೆಸಬಹುದು, ಇಡೀ ಕಾಳು ಮಾತ್ರ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಮೊಟ್ಟೆ, ಮಾಂಸ ತಿನ್ನುವ ಮನೆಗಳಲ್ಲಿ ಅವನ್ನು ಚೆನ್ನಾಗಿ ಬೇಯಿಸಿ ಮಿದ್ದು ಕೊಡಬಹುದು. ತಿನ್ನದ ಮನೆಗಳಲ್ಲಿ ಬೇಳೆ, ಸೊಪ್ಪು ಮತ್ತು ಆ ಕಬ್ಬಿಣದ ಸಿರಪ್ಪನ್ನು ಮರೆಯಲೇಬಾರದು.

ಗಟ್ಟಿತನ ನೋಡಿ. ಚಮಚ ವಾಲಿಸಿದರೆ ನೀರಿನಂತೆ ಸುರಿಯಬಾರದು, ಚಮಚದಲ್ಲಿ ನಿಲ್ಲಬೇಕು. ಬೇಳೆ ಕಟ್ಟು, ಗಂಜಿ ತಿಳಿ ಕೊಟ್ಟು ಊಟವಾಯಿತು ಎನ್ನುವವರಿದ್ದಾರೆ. ಆರು ತಿಂಗಳ ಮಗುವಿನ ಹೊಟ್ಟೆಯಲ್ಲಿ ಹಿಡಿಸುವುದೇ ಸುಮಾರು 200 ಮಿಲಿ ಲೀಟರು. ಅದನ್ನು ನೀರಿನಿಂದ ತುಂಬಿದರೆ ಶಕ್ತಿ ಎಲ್ಲಿಂದ ಬರಬೇಕು? ಹಿಂದಿನವರು ರಾಗಿಯನ್ನು ಮೊಳಕೆ ಬರಿಸಿ, ಒಣಗಿಸಿ, ಹುರಿದು, ಬೀಸಿ, ಸೋಸಿ ಇಡುತ್ತಿದ್ದರು. ಮೊಳಕೆಯಲ್ಲಿ ಪಿಷ್ಟ ಒಡೆಯುವುದರಿಂದ ಹಿಟ್ಟು ಹೆಚ್ಚು ಹಾಕಿದರೂ ಸರಿ ಗಂಟಾಗದೆ ಮೆತ್ತಗಿರುತ್ತದೆ. ಅದೇ ಬಟ್ಟಲಿನಲ್ಲಿ ಹೆಚ್ಚು ಶಕ್ತಿ. ಅಜ್ಜಿಯಂದಿರ ಈ ವಿದ್ಯೆಯನ್ನು ಸೊಸೆಯಂದಿರು ಕೇಳಿ ಕಲಿಯಬೇಕು.

ಎಂಟು ತಿಂಗಳ ಹೊತ್ತಿಗೆ ದಿನಕ್ಕೆ ಎರಡು ಮೂರು ಊಟ, ಪ್ರತಿ ಸಲ 250 ಮಿಲಿ ಲೀಟರಿನ ಬಟ್ಟಲಿನಲ್ಲಿ ಅರ್ಧದಷ್ಟಾಗಲಿ. ಒಂಬತ್ತರಿಂದ ಹನ್ನೊಂದು ತಿಂಗಳಿಗೆ ಅಷ್ಟೇ ಪ್ರಮಾಣ ಮೂರು ನಾಲ್ಕು ಸಲ. ವರ್ಷ ತುಂಬಿದ ಮೇಲೆ ಮುಕ್ಕಾಲರಿಂದ ಒಂದು ಬಟ್ಟಲು. ವರ್ಷದವರೆಗೆ ಸಕ್ಕರೆ, ಉಪ್ಪು ಸೇರಿಸಬೇಡಿ. ಬೆಲ್ಲವೂ ಸಕ್ಕರೆಯ ಜಾತಿಯೇ. ಚಹಾ ಬಿಸ್ಕೀಟು ಬೇಡವೇ ಬೇಡ. ಕೈಗೂ ಬಟ್ಟಲಿಗೂ ಸಾಬೂನು, ಕುಡಿಯಲು ಕಾಯಿಸಿ ಆರಿಸಿದ ನೀರು, ಬಾಟಲಿಯ ಬದಲು ಲೋಟ ಚಮಚ. ಮಗು ಮುಖ ತಿರುಗಿಸಿದರೆ ಬಾಯಿ ಒತ್ತಿ ತುರುಕಬೇಡಿ. ಒಂದು ರುಚಿ ಒಪ್ಪಲು ಎಂಟು ಹತ್ತು ಸಲ ಕೊಟ್ಟು ನೋಡಬೇಕಾಗಬಹುದು.

ಊಟ ಶುರುವಾದ ಮೇಲೂ ಮಗು ರಾತ್ರಿ ಏಳಬಹುದು. ಆಗ ನಿರಾಶರಾಗಬೇಡಿ. ನಾವು ತುತ್ತು ಕೊಟ್ಟದ್ದು ನಿದ್ದೆಗಾಗಿ ಅಲ್ಲ, ಬೆಳವಣಿಗೆಗಾಗಿ.

ತಾಯಿಯ ನಿದ್ದೆ ಯಾರ ಹೊಣೆ?

ಈಗ ಹಿಂದಿನ ಬೆಂಚಿನವರಿಗೆ ಮತ್ತು ಮನೆಯ ಹಿರಿಯರಿಗೆ ನನ್ನ ಮಾತು. ರಾತ್ರಿಯ ಕೆಲಸದಲ್ಲಿ ತಾಯಿಯಿಂದಲೇ ಆಗಬೇಕಾದದ್ದು ಹಾಲು ಕುಡಿಸುವುದೊಂದೇ. ತೇಗು ಬರಿಸುವುದು, ಒದ್ದೆ ಬಟ್ಟೆ ಬದಲಿಸುವುದು, ತೊಟ್ಟಿಲು ತೂಗುವುದು ತಂದೆಯಿಂದಲೂ ಆಗುತ್ತದೆ, ಅಜ್ಜ ಅಜ್ಜಿಯಿಂದಲೂ ಆಗುತ್ತದೆ. ಬೆಳಗಿನ ಜಾವ ಮಗು ಎದ್ದರೆ ಹಾಲಾದ ಮೇಲೆ ಅಜ್ಜಿ ಎತ್ತಿಕೊಂಡು ಹೊರಗೆ ಹೋದರೆ ತಾಯಿಗೆ ಎರಡು ಗಂಟೆ ನಿದ್ದೆ ಸಿಗುತ್ತದೆ. ಆ ಎರಡು ಗಂಟೆಗಿಂತ ದೊಡ್ಡ ಔಷಧಿ ನಮ್ಮ ಔಷಧಾಲಯದಲ್ಲಿ ಇಲ್ಲ.

ಹೊಲದ ಕೆಲಸಕ್ಕೆ ಹೋಗಲೇಬೇಕಾದ ತಾಯಂದಿರು ಬಹಳ ಜನ ಇದ್ದೀರಿ. ಕೆಲಸಕ್ಕೆ ಹೋಗುವ ಮುನ್ನ ಕೈ ತೊಳೆದು, ಸ್ವಚ್ಛ ಬಟ್ಟಲಿಗೆ ಹಾಲು ಹಿಂಡಿ ಮುಚ್ಚಿ ತಂಪಾದ ಜಾಗದಲ್ಲಿಡಿ. ನಾಲ್ಕು ಗಂಟೆಯೊಳಗೆ ಮನೆಯಲ್ಲಿರುವವರು ಚಮಚದಿಂದ ಕುಡಿಸಲಿ. ಕಾಯಿಸಬೇಕಿಲ್ಲ. ಹೊಲಕ್ಕೆ ಹೋಗಬೇಕು ಎಂಬ ಒಂದೇ ಕಾರಣಕ್ಕೆ ನಾಲ್ಕು ತಿಂಗಳಿಗೆ ಆಕಳ ಹಾಲು ಹಚ್ಚಬೇಡಿ.

ಎರಡು ವಾರಕ್ಕೂ ಹೆಚ್ಚು ಕಾಲ ತಾಯಿ ಮಂಕಾಗಿದ್ದರೆ, ಕಾರಣವಿಲ್ಲದೆ ಅಳುತ್ತಿದ್ದರೆ, ಮಗು ಮಲಗಿದಾಗಲೂ ಅವಳಿಗೆ ನಿದ್ದೆ ಬಾರದಿದ್ದರೆ, ಬದುಕು ಬೇಡವೆನ್ನಿಸಿದರೆ ಅದನ್ನು ಸೊಕ್ಕು ಎಂದೋ ಗಾಳಿ ಸೋಕಿದೆ ಎಂದೋ ಹೇಳಬೇಡಿ. ಅದು ಬಾಣಂತಿಯರಿಗೆ ಬರುವ ಕಾಯಿಲೆ, ಚಿಕಿತ್ಸೆಯಿಂದ ವಾಸಿಯಾಗುತ್ತದೆ. ನಮ್ಮಲ್ಲಿಗೆ ಕರೆತನ್ನಿ. 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನು ಮಾಡಬಹುದು, ಹಣ ಬೇಕಿಲ್ಲ.

ಬೆಳಗಿನವರೆಗೆ ಕಾಯಬಾರದ ಅಳು

ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಅಥವಾ ಹೆಚ್ಚು ಜ್ವರ, ಹಾಲು ಕುಡಿಯದಿರುವುದು, ಎಬ್ಬಿಸಿದರೂ ಏಳದ ಮಂಪರು, ಏದುಸಿರು ಅಥವಾ ಎದೆಗೂಡು ಒಳಗೆ ಎಳೆಯುವುದು, ಹಸಿರು ವಾಂತಿ, ಮಲದಲ್ಲಿ ರಕ್ತ, ಕಾಲು ಮಡಚಿಕೊಂಡು ಬಿಟ್ಟು ಬಿಟ್ಟು ಚೀರುವುದು, ಫಿಟ್ಸ್, ಆರು ಗಂಟೆ ಮೂತ್ರವಿಲ್ಲದಿರುವುದು. ಇವುಗಳಲ್ಲಿ ಒಂದಿದ್ದರೂ ಎಷ್ಟು ಹೊತ್ತಾಗಿದ್ದರೂ ಬನ್ನಿ. ನಿಮ್ಮ ಹತ್ತಿರದ ಆಸ್ಪತ್ರೆ ಯಾವುದೋ ಅಲ್ಲಿಗೆ ಹೋಗಿ. ಉಳಿದ ಅಳು ಬಹುಮಟ್ಟಿಗೆ ಬೆಳೆಯುವ ಮಗುವಿನ ಅಳು.

ಕೊನೆಯದಾಗಿ ಆ ಮನೆಯ ಮಾತು. ಆ ಅಜ್ಜಿ ಮಗುವಿಗೆ ಆರು ತುಂಬಿದ ಮರುದಿನ ತಾವೇ ಎತ್ತಿಕೊಂಡು ತೂಕ ಹಾಕಿಸಲು ಬಂದಿದ್ದರು. "ಈಗ ರಾತ್ರಿ ಮಲಗತೈತೇನ್ರಿ?" ಎಂದು ಕೇಳಿದೆ. "ಎರಡು ಸಲ ಏಳತೈತ್ರಿ. ಒಂದು ಸಲ ಅದರ ಅವ್ವ ಏಳತಾಳ, ಒಂದು ಸಲ ನಾ ಏಳತೀನಿ" ಎಂದರು. ಜೊತೆಯಲ್ಲಿದ್ದ ಸೊಸೆ ಅಂದು ತಲೆ ತಗ್ಗಿಸಿರಲಿಲ್ಲ.

ನಿಮ್ಮ ಮಗುವಿನ ಆರು ತಿಂಗಳು ತುಂಬುವ ತಾರೀಖನ್ನು ಹೊರಗಿನ ಮೇಜಿನ ಬಳಿ ಇರುವ ಸಿಸ್ಟರ್ ತಾಯಿ ಕಾರ್ಡಿನ ಮೇಲೆ ಬರೆದುಕೊಡುತ್ತಾರೆ. ಬರೆಸಿಕೊಂಡು ಹೋಗಿ. ಏನಾದರೂ ಕೇಳುವುದಿದ್ದರೆ ಸಂಕೋಚವಿಲ್ಲದೆ ಕೇಳಿ.